ವಿದ್ಯಾರ್ಥಿಗಳಿಲ್ಲದ ಪ್ರಾಧ್ಯಾಪಕ

ಕಳೆದ ತಿಂಗಳು ಒಂದು ಸಂಜೆ ಹಿತ್ತಿಲಿನ ದಾಸವಾಳದ ಗಿಡಗಳಿಗೆ ನೀರು ಹಾಕುತ್ತಿದ್ದಾಗ ಸಾಗರದಿಂದ ದೂರವಾಣಿ ಕರೆ ಬಂತು. 1994ರ ಎಸ್ಸೆಸ್ಸೆಲ್ಸಿ ತಂಡದ ವಿದ್ಯಾರ್ಥಿ. ಈಗ ಅಡಿಕೆ ವ್ಯಾಪಾರದಲ್ಲಿ ಚೆನ್ನಾಗಿ ನೆಲೆನಿಂತಿದ್ದಾನೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾನೆ. ಆದರೆ ಅವನ ಓರಗೆಯವರಿಗೆ ಈ ಹೊತ್ತಿಗೆ ಗುರುತು ಸಿಕ್ಕಿರುತ್ತದೆ.

"ಸಾರ್, ಮಗಳು ಬಿ.ಎ. ಮುಗಿಸಿದ್ಲು. ಈಗ ಇಟಲಿಗೆ ಹೋಗಿ ಅಲ್ಲಿನ ಭಾಷೆ, ಸಂಸ್ಕೃತಿ ಓದ್ತೀನಿ ಅಂತ ಹಟ ಹಿಡಿದಿದಾಳೆ. ಇಂಜಿನಿಯರಿಂಗ್ ಅಂದಿದ್ರೆ ಸರಿ. ಎಂ.ಬಿ.ಎ. ಅಂದಿದ್ರೂ ಸರಿ. ಒಂದು ಭಾಷೆ ಕಲಿಯೋಕೆ ಅಷ್ಟು ದೂರ ಹೋಗೋದಾ? ನೀವು ಚರಿತ್ರೆ ಮೇಷ್ಟ್ರು, ನೀವೇ ಒಂದು ಮಾತು ಹೇಳಿ."

ನಾನು ಯಾವ ಮಾತು ಹೇಳಬೇಕೆಂಬುದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ. ನನ್ನಿಂದ 'ಬೇಡ' ಎನ್ನಿಸಬೇಕೆಂಬ ಆಸೆ ದನಿಯಲ್ಲೇ ತಿಳಿಯುತ್ತಿತ್ತು. ಅಷ್ಟರಲ್ಲಿ ಹುಡುಗಿಯೇ ಫೋನು ತೆಗೆದುಕೊಂಡಳು. ಎರಡು ವರ್ಷದಿಂದ ಮನೆಯಲ್ಲೇ ಕುಳಿತು ಗಣಕಯಂತ್ರದ ಮೂಲಕ ಇಟಾಲಿಯನ್ ಕಲಿಯುತ್ತಿದ್ದಾಳಂತೆ. ಸಿಯೆನಾ ಎಂಬ ಊರಿನಲ್ಲಿ ವಿದೇಶೀಯರಿಗಾಗಿಯೇ ಇರುವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾಳಂತೆ. "ಅಪ್ಪನಿಗೆ ಸ್ವಲ್ಪ ಹೇಳಿ ಸಾರ್" ಎಂದಳು. ತಂದೆಯೂ ಅದೇ ಮಾತು, ಮಗಳೂ ಅದೇ ಮಾತು! ಒಂದು ವಾರ ಸಮಯ ಕೊಡಿ, ನನ್ನ ಮನೆಪಾಠ ಮುಗಿಸಿ ಉತ್ತರ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆ ವಾರ ನಾನು ಓದಿದ, ಮೊದಲೇ ಓದಿ ಮರೆತಿದ್ದ ಸಂಗತಿಗಳೇ ಈ ಬರಹ.

ಸಿಯೆನಾ ಎಂಬ ಹೆಸರು ಕೇಳಿದೊಡನೆ ನನಗೆ ನೆನಪಾದದ್ದು 1588ನೆಯ ಇಸವಿ. ಆ ಕಾಲದಲ್ಲಿ ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಪಾಠವೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಕಾನೂನು, ವೈದ್ಯ, ತತ್ತ್ವಶಾಸ್ತ್ರ ಯಾವುದೇ ಇರಲಿ, ಗುರು ಪೀಠವೇರಿ ಲ್ಯಾಟಿನ್ನಿನಲ್ಲೇ ಮಾತನಾಡಬೇಕು. ಮನೆಯಲ್ಲಿ, ಪೇಟೆಯಲ್ಲಿ ಆಡುವ ನುಡಿಯನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವುದುಂಟೇ ಎಂಬ ಭಾವನೆ. ಇದಕ್ಕೂ ಎರಡು ಶತಮಾನ ಹಿಂದೆ, 1373ರಲ್ಲಿ, ಫ್ಲಾರೆನ್ಸಿನ ನಾಗರಿಕರು ಬಿನ್ನವತ್ತಳೆ ಬರೆದುಕೊಟ್ಟು, ತಮ್ಮ ಊರಿನ ಕವಿ ಡಾಂಟೆಯ ಕಾವ್ಯವನ್ನು ಊರವರಿಗೆ ವಿವರಿಸಲು ಒಬ್ಬರನ್ನು ನೇಮಿಸಿಕೊಂಡದ್ದುಂಟು. ಹಾಗೆ ಪಾಠ ಹೇಳಿದವನು ಕಥೆಗಾರ ಬೊಕಾಚಿಯೋ. ಆದರೆ ಅದು ನಡೆದದ್ದು ಒಂದು ಚರ್ಚಿನಲ್ಲಿ, ವಿಶ್ವವಿದ್ಯಾಲಯದಲ್ಲಲ್ಲ. ಪಾಮರರ ಮುಂದೆ ಕಾವ್ಯರಹಸ್ಯವನ್ನು ಬಿಚ್ಚಿಡುತ್ತಿದ್ದಾನೆಂದು ಅವನ ಮೇಲೆ ಆಕ್ಷೇಪವೂ ಬಂತು. ಕೆಲವೇ ತಿಂಗಳಲ್ಲಿ ಕಾಯಿಲೆಯಿಂದ ಅವನ ಪಾಠ ನಿಂತುಹೋಯಿತು. ನಮ್ಮಲ್ಲಿ ಗಮಕಿಗಳು ದೇವಸ್ಥಾನದ ಜಗಲಿಯಲ್ಲಿ ಕುಮಾರವ್ಯಾಸನನ್ನು ಓದಿ, ಪಕ್ಕದಲ್ಲೊಬ್ಬರು ಅರ್ಥ ಹೇಳುತ್ತಿದ್ದುದು ನನಗೆ ಇಲ್ಲಿ ನೆನಪಾಗುತ್ತದೆ. ಅಂಥ ಸಭೆಗೆ ಆಕ್ಷೇಪವೆತ್ತಿದವರನ್ನು ನಾನಂತೂ ಕಂಡಿಲ್ಲ.

1588ರಲ್ಲಿ ಸಿಯೆನಾ ವಿಶ್ವವಿದ್ಯಾಲಯದಲ್ಲಿ ಟಸ್ಕನಿಯ ನುಡಿಗೆ ಒಂದು ಪೀಠ ಏರ್ಪಟ್ಟಿತು. ಏರ್ಪಡಿಸಿದವನು ಟಸ್ಕನಿಯ ದೊರೆ ಮೊದಲನೆಯ ಫರ್ಡಿನಾಂಡೋ. ಅದರಲ್ಲಿ ಮೊದಲು ಕುಳಿತವನು ದಿಯೋಮೆದೆ ಬೋರ್ಗೇಸಿ. ಇಲ್ಲಿ ಒಂದು ಸ್ವಾರಸ್ಯವಿದೆ. ಈ ಪೀಠ ಹುಟ್ಟಿದ್ದು ಇಟಾಲಿಯನ್ನರಿಗಾಗಿ ಅಲ್ಲ, ಕಾನೂನು ಓದಲೆಂದು ಆಲ್ಪ್ಸ್ ಪರ್ವತ ದಾಟಿ ಬರುತ್ತಿದ್ದ ಜರ್ಮನ್ ವಿದ್ಯಾರ್ಥಿಗಳಿಗಾಗಿ. ಊರವರಿಗೆ ತಮ್ಮ ಭಾಷೆಯನ್ನು ಓದಿ ಕಲಿಯುವ ಅಗತ್ಯ ಕಾಣಲಿಲ್ಲ. ಹೊರಗಿನಿಂದ ಬಂದವರಿಗೆ ಕಂಡಿತು. ಅಂದರೆ ನಮ್ಮ ಸಾಗರದ ಹುಡುಗಿ ಹೊಸದಾದ ಯಾವ ಹುಚ್ಚನ್ನೂ ಹಚ್ಚಿಕೊಂಡಿಲ್ಲ. ಅದೇ ಊರಿಗೆ ಅದೇ ಭಾಷೆಯನ್ನು ಕಲಿಯಲು ಪರದೇಶದ ಮಕ್ಕಳು ನಾಲ್ಕು ಶತಮಾನಕ್ಕೂ ಹಿಂದೆಯೇ ಹೋಗಿದ್ದಾರೆ. ಅವರ ತಂದೆಯರೂ ಗೊಣಗಿಕೊಂಡೇ ಹಣ ಕಳಿಸಿರಬೇಕು.

ಇತರ ವಿಷಯಗಳ ಪಾಠಕ್ಕೆ ಇಟಾಲಿಯನ್ ಬರಲು ಇನ್ನೂ ಬಹುಕಾಲ ಹಿಡಿಯಿತು. 1754ರಲ್ಲಿ ನೇಪಲ್ಸ್ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯಶಾಸ್ತ್ರದ ಹೊಸ ಪೀಠಕ್ಕೆ ಬಂದ ಅಂತೋನಿಯೋ ಜೆನೊವೇಸಿ ಲ್ಯಾಟಿನ್ ಬಿಟ್ಟು ಇಟಾಲಿಯನ್ನಿನಲ್ಲಿ ಉಪನ್ಯಾಸ ಆರಂಭಿಸಿದಾಗ ಕುಳಿತವರು ಬೆರಗಾದರಂತೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಸಾಧ್ಯವೇ ಎಂದು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ನಡೆಯುತ್ತಿದ್ದ ವಾಗ್ವಾದಗಳನ್ನು ನೆನೆದು ನಕ್ಕೆ. ಇರಲಿ.

ನಾನು ನಿಜವಾಗಿ ಹೇಳಬೇಕೆಂದಿರುವುದು ಬೇರೊಬ್ಬ ಮೇಷ್ಟ್ರ ಕಥೆ. ಅವನ ಹೆಸರು ಲೊರೆಂಜೋ ದಾ ಪೋಂಟೆ.

ಸಂಗೀತ ಬಲ್ಲವರಿಗೆ ಈ ಹೆಸರು ಗೊತ್ತು. ಮೊಜಾರ್ಟ್ ಸಂಗೀತ ರಚಿಸಿದ ಮೂರು ಪ್ರಸಿದ್ಧ ಒಪೆರಾಗಳಿಗೆ ಮಾತು, ಹಾಡು ಬರೆದುಕೊಟ್ಟವನು ಈತ. 1786ರಲ್ಲಿ 'ಫಿಗಾರೋನ ಮದುವೆ', 1787ರಲ್ಲಿ 'ದಾನ್ ಜೊವಾನಿ', 1790ರಲ್ಲಿ 'ಕೊಸೀ ಫಾನ್ ತುತ್ತೆ'. ಒಪೆರಾ ಎಂದರೆ ಏನೆಂದು ಕೇಳುವ ಕಿರಿಯರಿಗೆ ಹೇಳುವುದಾದರೆ, ಮಾತಿಗಿಂತ ಹಾಡೇ ಹೆಚ್ಚಾದ ನಾಟಕ. ನಮ್ಮ ಹಿಂದಿನ ಕಂಪನಿ ನಾಟಕಗಳ ದೂರದ ನೆಂಟ. ಕಂಪನಿಗೊಬ್ಬ ನಾಟಕ ಕವಿ ಇರುತ್ತಿದ್ದಂತೆ ವಿಯೆನ್ನಾದ ಅರಮನೆಯ ರಂಗಶಾಲೆಗೆ ದಾ ಪೋಂಟೆ ಕವಿಯಾಗಿದ್ದ.

ಅವನ ಬಾಲ್ಯವನ್ನು ಓದಿದಾಗ ನನಗೆ ಹಿಂದಿನ ಬೆಂಚಿನ ಅನೇಕ ಮುಖಗಳು ಕಣ್ಣಿಗೆ ಕಟ್ಟಿದವು. ಹುಟ್ಟಿದ್ದು 1749ರಲ್ಲಿ, ವೆನಿಸ್ ಗಣರಾಜ್ಯದ ಚೆನೆದಾ ಎಂಬ ಸಣ್ಣ ಊರಿನ ಯೆಹೂದಿ ಮನೆಯಲ್ಲಿ. ಮೊದಲ ಹೆಸರು ಎಮಾನುಎಲೆ ಕೊನೆಲ್ಯಾನೋ. ತಂದೆ ಚರ್ಮದ ವ್ಯಾಪಾರಿ. ಹೆಂಡತಿ ತೀರಿಕೊಂಡ ಮೇಲೆ ಕ್ಯಾಥೊಲಿಕ್ ಯುವತಿಯನ್ನು ಮದುವೆಯಾಗಲೆಂದು ತಂದೆ 1763ರಲ್ಲಿ ಮಕ್ಕಳ ಸಮೇತ ಮತಾಂತರಗೊಂಡ. ರೂಢಿಯಂತೆ ಹಿರಿಯ ಮಗನಿಗೆ ದೀಕ್ಷೆ ಕೊಟ್ಟ ಬಿಷಪ್ಪನ ಹೆಸರೇ ಬಂತು. ಆಗ ಅವನಿಗೆ ಹದಿನಾಲ್ಕು ವರ್ಷ. ಓದು ಬರಹ ಸರಿಯಾಗಿ ಬಾರದು. ಆದರೆ ಬಾಯಿ ಬಹಳ ಚುರುಕು. ಊರ ಹುಡುಗರು ತನ್ನನ್ನು ಜಾಣ ದಡ್ಡನೆಂದು ಕರೆದು ಹಾಸ್ಯ ಮಾಡುತ್ತಿದ್ದರೆಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಂಥ ಹುಡುಗ ಬಿಷಪ್ಪನ ಕೃಪೆಯಿಂದ ಗುರುಕುಲ ಸೇರಿ, ಲ್ಯಾಟಿನ್ ಕಲಿತು, ಪಾದ್ರಿಯಾಗಿ, ಸಾಹಿತ್ಯದ ಅಧ್ಯಾಪಕನೂ ಆದ. ಮನುಷ್ಯನು ಸಮಾಜದಲ್ಲಿ ಸುಖಿಯೋ, ನಿಸರ್ಗದಲ್ಲಿ ಸುಖಿಯೋ ಎಂಬ ವಿಷಯದ ಮೇಲೆ ವಿದ್ಯಾರ್ಥಿಗಳು ಸಭೆಯಲ್ಲಿ ಓದಲೆಂದು ಪದ್ಯಗಳನ್ನು ಬರೆದುಕೊಟ್ಟ. ಸರಕಾರಕ್ಕೆ ಅದು ಅಪಾಯವಾಗಿ ಕಂಡಿತು. 1776ರಲ್ಲಿ ವೆನಿಸಿನ ಸೆನೆಟ್, ಈತ ತನ್ನ ರಾಜ್ಯದಲ್ಲಿ ಎಲ್ಲಿಯೂ ಪಾಠ ಹೇಳಕೂಡದೆಂದು ನಿಷೇಧಿಸಿತು.

ಮುಂದಿನದಕ್ಕೆ ಸರಕಾರವನ್ನು ದೂರುವಂತಿಲ್ಲ. ಪಾದ್ರಿಗೆ ಸಲ್ಲದ ನಡತೆ ಅವನದು; ಪರಸ್ತ್ರೀ ಸಂಗ, ಜೂಜು ಎಲ್ಲವೂ ಇತ್ತು. 1779ರಲ್ಲಿ ವೆನಿಸಿನಿಂದ ಹದಿನೈದು ವರ್ಷಗಳ ಗಡೀಪಾರಾಯಿತು. ವಿಯೆನ್ನಾದಲ್ಲಿ ಕೀರ್ತಿ ಬಂತು. ಆಶ್ರಯ ಕೊಟ್ಟಿದ್ದ ಚಕ್ರವರ್ತಿ ಎರಡನೆಯ ಜೋಸೆಫ್ 1790ರಲ್ಲಿ ತೀರಿಕೊಂಡ ಮೇಲೆ ಅಲ್ಲಿಯ ಕೆಲಸವೂ ಹೋಯಿತು. ಲಂಡನ್ನಿನಲ್ಲಿ ರಂಗಶಾಲೆಯ ಕವಿ, ಮುದ್ರಕ, ಪುಸ್ತಕದ ವ್ಯಾಪಾರಿ. ಎಲ್ಲದರ ಫಲ ಸಾಲ. ಸಾಲಗಾರರಿಂದ ತಪ್ಪಿಸಿಕೊಂಡು 1805ರ ಜೂನ್ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಡಗಿಳಿದಾಗ ವಯಸ್ಸು 56. ಹೆಂಡತಿ ಮಕ್ಕಳು ಮೊದಲೇ ಹೋಗಿದ್ದರು. ಕೈಯಲ್ಲಿ ಅಲ್ಪಸ್ವಲ್ಪ ಹಣ, ಪಿಟೀಲಿನ ತಂತಿಗಳ ಒಂದು ಪೆಟ್ಟಿಗೆ, ಕೆಲವು ಇಟಾಲಿಯನ್ ಪುಸ್ತಕಗಳು.

ಅಲ್ಲಿ ಅವನು ಮಾಡಿದ ಮೊದಲ ಕೆಲಸ ದಿನಸಿ ಅಂಗಡಿ ಇಟ್ಟದ್ದು! ಮೊಜಾರ್ಟನಿಗೆ ಹಾಡು ಬರೆದ ಕೈ ಚಹದ ಪುಡಿ, ತಂಬಾಕು ತೂಗಿತು. ಗಾಡಿ ಹೊಡೆಯುವವರಿಗೂ ಚಮ್ಮಾರರಿಗೂ ಔನ್ಸ್ ಲೆಕ್ಕದಲ್ಲಿ ಸಾಮಾನು ತೂಗಿ ಕೊಡುವಾಗ ತನ್ನನ್ನು ಕಂಡು ತನಗೇ ನಗು ಬರುತ್ತಿತ್ತೆಂದು ಬರೆದಿದ್ದಾನೆ. ಅಂಗಡಿಯಲ್ಲೂ ನಷ್ಟ. ಹೀಗಿರುವಾಗ 1807ರಲ್ಲಿ ನ್ಯೂಯಾರ್ಕಿನ ಒಂದು ಪುಸ್ತಕದಂಗಡಿಗೆ ಹೋಗಿ ಇಟಾಲಿಯನ್ ಪುಸ್ತಕಗಳೇನಾದರೂ ಇವೆಯೇ ಎಂದು ವಿಚಾರಿಸಿದ. ಅಂಗಡಿಯವನೊಡನೆ ಇಟಾಲಿಯನ್ ಸಾಹಿತ್ಯದ ಹಿರಿಮೆಯ ಬಗ್ಗೆ ಮಾತಿಗೆ ಮಾತು ಬೆಳೆಯಿತು. ಅಲ್ಲೇ ನಿಂತಿದ್ದ ಒಬ್ಬ ತರುಣ ಆ ಮಾತಿಗೆ ಸೇರಿಕೊಂಡ. ಅವನು ಕ್ಲೆಮೆಂಟ್ ಮೂರ್. ಮುಂದೆ ಕ್ರಿಸ್‌ಮಸ್ ಅಜ್ಜನ ಮೇಲೆ ಪ್ರಸಿದ್ಧ ಶಿಶುಗೀತೆ ಬರೆದವನು. ಅವನ ತಂದೆ ಬಿಷಪ್, ಜೊತೆಗೆ ಕೊಲಂಬಿಯಾ ಕಾಲೇಜಿನ ಅಧ್ಯಕ್ಷ. ಆ ಪರಿಚಯದಿಂದ ನ್ಯೂಯಾರ್ಕಿನ ದೊಡ್ಡ ಮನೆಗಳಲ್ಲಿ ಇಟಾಲಿಯನ್ ಪಾಠ ಆರಂಭವಾಯಿತು. ನಡುವೆ ಕೆಲವು ವರ್ಷ ಪೆನ್ಸಿಲ್ವೇನಿಯಾದ ಸನ್‌ಬರಿ ಎಂಬ ಊರಿಗೆ ಹೋಗಿ ಮತ್ತೆ ವ್ಯಾಪಾರ ಮಾಡಿ ಕೈಸುಟ್ಟುಕೊಂಡು 1819ರಲ್ಲಿ ನ್ಯೂಯಾರ್ಕಿಗೆ ಮರಳಿದ. ವ್ಯಾಪಾರ ತನ್ನ ಕೈಗೆ ಹತ್ತುವುದಲ್ಲವೆಂದು ತಿಳಿಯಲು ಕೆಲವರಿಗೆ ಎರಡು ಮೂರು ಬಾರಿ ಬೇಕಾಗುತ್ತದೆ.

1825ರಲ್ಲಿ ಕೊಲಂಬಿಯಾ ಕಾಲೇಜು (ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯ) ದಾ ಪೋಂಟೆಯನ್ನು ಇಟಾಲಿಯನ್ ಸಾಹಿತ್ಯದ ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಆ ಕಾಲೇಜಿನಲ್ಲಿ ಈ ವಿಷಯಕ್ಕೆ ಅವನೇ ಮೊದಲಿಗ. ವಯಸ್ಸು 76, ನಮ್ಮಲ್ಲಾದರೆ ನಿವೃತ್ತಿಯಾಗಿ ಹದಿನಾರು ವರ್ಷ ಕಳೆದಿರುತ್ತಿತ್ತು. ತಾಯ್ನಾಡಿನಲ್ಲಿ ಪಾಠ ಹೇಳಕೂಡದೆಂದು ನಿಷೇಧಕ್ಕೊಳಗಾದವನು, ಅರ್ಧ ಶತಮಾನದ ಬಳಿಕ, ಸಮುದ್ರದಾಚೆ ಅದೇ ತಾಯ್ನುಡಿಗೆ ಪ್ರಾಧ್ಯಾಪಕನಾದ.

ಆದರೆ ನೇಮಕದ ಷರತ್ತು ಕೇಳಿ. ಸಂಬಳವಿಲ್ಲ. ಪಾಠಕ್ಕೆ ಬರುವ ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಪ್ರಾಧ್ಯಾಪಕನ ವರಮಾನ. ವಿಷಯವೋ ಐಚ್ಛಿಕ, ಗ್ರೀಕ್, ಲ್ಯಾಟಿನ್, ಗಣಿತಗಳಂತೆ ಕಡ್ಡಾಯವಲ್ಲ, ನಿತ್ಯದ ವೇಳಾಪಟ್ಟಿಯೊಳಗೂ ಇಲ್ಲ. ಆರಂಭದಲ್ಲಿ ಕೆಲವರು ಕುತೂಹಲದಿಂದ ಬಂದರು. ಆಮೇಲೆ ಬೆಂಚುಗಳು ಖಾಲಿಯಾದವು. ತರಗತಿ ಹೇಗಾದರೂ ನಡೆಯಲೆಂದು ಮುದುಕ ಆಡಳಿತ ಮಂಡಳಿಗೆ ಯೋಜನೆಯ ಮೇಲೆ ಯೋಜನೆ ಬರೆದು ಸಲ್ಲಿಸಿದ. ಅವರು ಒಪ್ಪಲಿಲ್ಲ, ಆದರೆ ಪ್ರಾಧ್ಯಾಪಕನೆಂಬ ಹೆಸರನ್ನು ಕಿತ್ತುಕೊಳ್ಳಲೂ ಇಲ್ಲ. ಸಾಯುವವರೆಗೂ ಅವನು ವಿದ್ಯಾರ್ಥಿಗಳಿಲ್ಲದ, ಸಂಬಳವಿಲ್ಲದ ಪ್ರಾಧ್ಯಾಪಕನಾಗಿಯೇ ಉಳಿದ.

ಇಲ್ಲಿ ನನ್ನ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಾನು ಕೆಲಸ ಮಾಡಿದ ಶಾಲೆಗಳಲ್ಲೊಂದರಲ್ಲಿ (ಯಾವುದೆಂದು ಕೇಳಬೇಡಿ) ಒಂದು ವರ್ಷ ಎಂಟನೆಯ ತರಗತಿಯ ಕನ್ನಡ ಮಾಧ್ಯಮ ವಿಭಾಗಕ್ಕೆ ಮಕ್ಕಳು ಸಾಲಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ನಾನೂ ಮುಖ್ಯೋಪಾಧ್ಯಾಯರೂ ಸೈಕಲ್ಲಿನಲ್ಲಿ ಮನೆಮನೆ ತಿರುಗಿದೆವು. ಮಜ್ಜಿಗೆ ಕೊಟ್ಟರು, ಕುರ್ಚಿ ಹಾಕಿದರು, ಮಗುವನ್ನು ಮಾತ್ರ ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸಿದ್ದರು. ಜೂನ್ ಕೊನೆಗೆ ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರು. ವಿಭಾಗ ಮುಚ್ಚಿತು, ನಾನು 'ಹೆಚ್ಚುವರಿ ಶಿಕ್ಷಕ'ನಾದೆ. ಈ ಪದವನ್ನು ಕಾಗದದ ಮೇಲೆ ನನ್ನ ಹೆಸರಿನ ಮುಂದೆ ಓದಿದ ದಿನ ಊಟ ಸೇರಲಿಲ್ಲ. ಬೀಳ್ಕೊಡುವಾಗ ಆ ಹನ್ನೊಂದರಲ್ಲಿ ಒಬ್ಬಳು, "ಸಾರ್, ನಾವು ಕಮ್ಮಿ ಇದೀವಿ ಅಂತ ನಿಮ್ಮನ್ನ ಕಳಿಸ್ತಿದಾರಾ?" ಎಂದು ಕೇಳಿದಳು. ಆ ಮಗುವಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ದಾ ಪೋಂಟೆಯ ಖಾಲಿ ಬೆಂಚುಗಳ ವಿಷಯ ಓದುವಾಗ ಅವಳ ಮುಖ ನೆನಪಾಯಿತು. ತಲೆ ಎಣಿಸಿ ವಿದ್ಯೆಯ ಬೆಲೆ ಕಟ್ಟುವ ಪದ್ಧತಿಯನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆಡಳಿತ ನಡೆಸುವವರ ಕಷ್ಟ ನನಗೆ ತಿಳಿಯದೆಂದಲ್ಲ.

ದಾ ಪೋಂಟೆ ಕೈಕಟ್ಟಿ ಕೂರಲಿಲ್ಲ. ಯೂರೋಪಿನಿಂದ ಇಟಾಲಿಯನ್ ಪುಸ್ತಕಗಳನ್ನು ತರಿಸಿ ಮಾರಿದ, ಕೊಟ್ಟ, ಗ್ರಂಥಾಲಯಗಳಿಗೆ ಸೇರಿಸಿದ. ಕೊಲಂಬಿಯಾದ ಇಟಾಲಿಯನ್ ಗ್ರಂಥಸಂಗ್ರಹ ಬೆಳೆದದ್ದು ಅವನಿಂದ ಬಂದ ಪುಸ್ತಕಗಳ ತಳಹದಿಯ ಮೇಲೆ. ಅವನು ನೇಮಕವಾದ ವರ್ಷವೇ ಸ್ಪೇನಿನ ಗಾಯಕ ಗಾರ್ಸಿಯಾನ ತಂಡ ನ್ಯೂಯಾರ್ಕಿಗೆ ಬಂದು ಇಟಾಲಿಯನ್ ಒಪೆರಾ ಆಡಿತು. ಮುದುಕನ ಒತ್ತಾಯದಿಂದ 1826ರ ಮೇ ತಿಂಗಳಲ್ಲಿ 'ದಾನ್ ಜೊವಾನಿ' ರಂಗಕ್ಕೆ ಬಂತು. ಪ್ರಾಗ್ ನಗರದಲ್ಲಿ ಅದರ ಮೊದಲ ಪ್ರದರ್ಶನವಾಗಿ ಆಗ 39 ವರ್ಷ. ಮೊಜಾರ್ಟ್ ತೀರಿಕೊಂಡು 35 ವರ್ಷ. ತರಗತಿಗೆ ಬಾರದವರು ರಂಗಶಾಲೆಗಾದರೂ ಬಂದು ಆ ಭಾಷೆಯನ್ನು ಕಿವಿಯಾರೆ ಕೇಳಲಿ ಎಂಬುದು ಅವನ ಹಂಬಲವಾಗಿತ್ತು. 1833ರಲ್ಲಿ, 84ನೆಯ ವಯಸ್ಸಿನಲ್ಲಿ, ಒಪೆರಾಕ್ಕೆಂದೇ ಒಂದು ರಂಗಮಂದಿರ ಕಟ್ಟಿಸುವುದರಲ್ಲಿ ಮುಂದಾಳಾದ. ಅದೂ ಎರಡು ಹಂಗಾಮಿನಲ್ಲಿ ಮುಗ್ಗರಿಸಿತು.

1838ರ ಆಗಸ್ಟ್ 17ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಹೂಳಿದ ಜಾಗಕ್ಕೆ ಗುರುತಿನ ಕಲ್ಲಿಡಲಿಲ್ಲ; ಕಾಲಕ್ರಮದಲ್ಲಿ ಜಾಗವೇ ತಿಳಿಯದಾಯಿತು. ವಿಯೆನ್ನಾದಲ್ಲಿ ಮೊಜಾರ್ಟನ ಸಮಾಧಿಯ ಗತಿಯೂ ಅದೇ. ಹಾಡು ಬರೆದವನಿಗೂ ರಾಗ ಹಾಕಿದವನಿಗೂ ಗೋರಿಯ ವಿಷಯದಲ್ಲಿ ಒಂದೇ ಋಣಾನುಬಂಧ. ಕೊಲಂಬಿಯಾದಲ್ಲಿ ಈಗ ಇಟಾಲಿಯನ್ ಪ್ರಾಧ್ಯಾಪಕ ಪೀಠವೊಂದಕ್ಕೆ ದಾ ಪೋಂಟೆಯ ಹೆಸರಿಟ್ಟಿದ್ದಾರೆ. 1927ರಲ್ಲಿ ಇಟಾಲಿಯನ್ ಅಧ್ಯಯನಕ್ಕೆಂದೇ ಒಂದು ಭವನವನ್ನೂ ಕಟ್ಟಿದರು.

ಅವನ ನಂತರ, 1839ರಲ್ಲಿ, ಅದೇ ಸ್ಥಾನಕ್ಕೆ ಬಂದವನು ಫೆಲಿಚೆ ಫೊರೆಸ್ತಿ. ಇವನ ಅರ್ಹತೆ ನೋಡಿ: ಇಟಲಿಯ ಸ್ವಾತಂತ್ರ್ಯಕ್ಕಾಗಿ ಗುಪ್ತಸಂಘ ಸೇರಿದ್ದಕ್ಕೆ ಆಸ್ಟ್ರಿಯಾ ಸರಕಾರದಿಂದ ಮರಣದಂಡನೆ, ಅದು ಸೆರೆವಾಸಕ್ಕೆ ಇಳಿದು ಸ್ಪೀಲ್‌ಬರ್ಗ್ ಕೋಟೆಯಲ್ಲಿ ದೀರ್ಘ ಬಂಧನ, ಕೊನೆಗೆ 1836ರಲ್ಲಿ ಅಮೆರಿಕಕ್ಕೆ ಗಡೀಪಾರು. ನಾವು ಬಿ.ಇಡಿ. ಪ್ರಮಾಣಪತ್ರ ತೋರಿಸುತ್ತೇವೆ, ಆ ಕಾಲದ ಇಟಾಲಿಯನ್ ಮೇಷ್ಟ್ರುಗಳು ದಂಡನೆಯ ಆಜ್ಞೆ ತೋರಿಸುತ್ತಿದ್ದರು!

ಇದು ತಮಾಷೆಯ ಮಾತಲ್ಲ. ಲಂಡನ್ ವಿಶ್ವವಿದ್ಯಾಲಯ 1828ರಲ್ಲಿ ಪಾಠ ಆರಂಭಿಸಿದಾಗ ಅಲ್ಲಿಯ ಮೊದಲ ಇಟಾಲಿಯನ್ ಪ್ರಾಧ್ಯಾಪಕ ಅಂತೋನಿಯೋ ಪಾನಿಟ್ಸಿ. ಮೋಡೆನಾ ಸಂಸ್ಥಾನದಲ್ಲಿ ವಕೀಲನಾಗಿದ್ದ ಈತ ರಾಜಕೀಯ ಕಾರಣದಿಂದ 1822ರಲ್ಲಿ ತಪ್ಪಿಸಿಕೊಂಡು ಹೋದ. ಮರುವರ್ಷ ಅವನಿಲ್ಲದಾಗಲೇ ಮರಣದಂಡನೆ ವಿಧಿಸಿದರು. ಗಲ್ಲಿನ ಖರ್ಚಿನ ಪಟ್ಟಿಯನ್ನು ಲಂಡನ್ನಿಗೆ ಅವನಿಗೇ ಕಳಿಸಿದರೆಂದೂ, ಅವನು ಪರಲೋಕದಿಂದ ಬರೆದಂತೆ ತನ್ನ ಪ್ರೇತಾತ್ಮದ ಹೆಸರಿನಲ್ಲಿ ಉತ್ತರ ಕೊಟ್ಟನೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ಪಾನಿಟ್ಸಿಯ ತರಗತಿಗೂ ಬೆರಳೆಣಿಕೆಯ ವಿದ್ಯಾರ್ಥಿಗಳು. ಹೊಟ್ಟೆಪಾಡಿಗಾಗಿ 1831ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯ ಸೇರಿದ. ಅಲ್ಲಿ ಗ್ರಂಥಸೂಚಿ ಸಿದ್ಧಪಡಿಸಲು ಅವನ ಮುಂದಾಳುತನದಲ್ಲಿ ರೂಪಿಸಿ 1841ರಲ್ಲಿ ಪ್ರಕಟಿಸಿದ 91 ನಿಯಮಗಳನ್ನು ಗ್ರಂಥಾಲಯ ವಿಜ್ಞಾನ ಓದಿದವರು ಇಂದಿಗೂ ಬಲ್ಲರು. 1857ರಲ್ಲಿ ತೆರೆದ ಆ ವಿಶಾಲವಾದ ವರ್ತುಲಾಕಾರದ ವಾಚನಾಲಯ ಅವನ ಕಲ್ಪನೆ. ಕಾರ್ಲ್ ಮಾರ್ಕ್ಸ್ ಕುಳಿತು ಓದಿದ್ದು ಅಲ್ಲಿಯೇ. ಹತ್ತು ಜನರಿಗೆ ವ್ಯಾಕರಣ ಹೇಳಲಾಗದವನು ಲಕ್ಷ ಜನಕ್ಕೆ ಓದುವ ಜಾಗ ಮಾಡಿಕೊಟ್ಟ. ಅದೇ ನಗರದ ಕಿಂಗ್ಸ್ ಕಾಲೇಜಿನಲ್ಲಿ 1831ರಿಂದ 1847ರವರೆಗೆ ಇಟಾಲಿಯನ್ ಪ್ರಾಧ್ಯಾಪಕನಾಗಿದ್ದ ಗಾಬ್ರಿಯೆಲೆ ರೊಸೆಟ್ಟಿಯೂ ನೇಪಲ್ಸಿನಿಂದ ಓಡಿಬಂದ ಕವಿಯೇ. ಇಂಗ್ಲಿಷ್ ಎಂ.ಎ. ಮಾಡಿದವರು ಓದಿರುವ ಕ್ರಿಸ್ಟೀನಾ ರೊಸೆಟ್ಟಿ, ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಇವನ ಮಕ್ಕಳು.

ನನ್ನ ಮೆಚ್ಚಿನವನು ಇನ್ನೊಬ್ಬ, ಫ್ರಾಂಚೆಸ್ಕೋ ದೆ ಸಾಂಕ್ತಿಸ್. ನೇಪಲ್ಸಿನಲ್ಲಿ ಮೂರು ವರ್ಷ ಕೋಟೆಯ ಸೆರೆಮನೆಯಲ್ಲಿದ್ದು, ಆ ಅವಧಿಯಲ್ಲಿ ಜರ್ಮನ್ ಕಲಿತವನು. 1856ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪಾಲಿಟೆಕ್ನಿಕ್‌ನಲ್ಲಿ ಇಟಾಲಿಯನ್ ಸಾಹಿತ್ಯದ ಪ್ರಾಧ್ಯಾಪಕನಾದ. ಪಾಲಿಟೆಕ್ನಿಕ್ ಎಂಬುದನ್ನು ಗಮನಿಸಿ! ಇಂಜಿನಿಯರುಗಳನ್ನು ತಯಾರಿಸಲು ಹಿಂದಿನ ವರ್ಷವಷ್ಟೇ ಬಾಗಿಲು ತೆರೆದಿದ್ದ ಸಂಸ್ಥೆ ಅದು. ಸಾಹಿತ್ಯಕ್ಕೂ ಒಂದು ಪೀಠ ಇಟ್ಟುಕೊಂಡಿತ್ತು. ಸಾಗರದ ನನ್ನ ಶಿಷ್ಯ ಇದನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ. 1860ರಲ್ಲಿ ಊರಿಗೆ ಮರಳಿದ ದೆ ಸಾಂಕ್ತಿಸ್ ಮರುವರ್ಷ ಒಂದುಗೂಡಿದ ಇಟಲಿಯ ಶಿಕ್ಷಣ ಸಚಿವನಾದ. 1870-71ರಲ್ಲಿ ಪ್ರಕಟವಾದ ಅವನ 'ಇಟಾಲಿಯನ್ ಸಾಹಿತ್ಯ ಚರಿತ್ರೆ'ಯನ್ನು ಇಂದಿಗೂ ಆ ಭಾಷೆಯ ವಿದ್ಯಾರ್ಥಿಗಳು ಓದುತ್ತಾರೆ.

ಅವನು ಸಚಿವನಾದಾಗ ಆ ದೇಶದ ಸ್ಥಿತಿ ಹೇಗಿತ್ತು? 1861ರಲ್ಲಿ ಇಟಲಿ ಒಂದು ರಾಜ್ಯವಾಯಿತು. ಜನರಲ್ಲಿ ನಾಲ್ಕರಲ್ಲಿ ಮೂರು ಪಾಲು ನಿರಕ್ಷರಿಗಳು. ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಮಂದಿ ಎಂದು ತುಲ್ಲಿಯೋ ದೆ ಮೌರೋ ಎಂಬ ಭಾಷಾವಿದ್ವಾಂಸ ಅಂದಾಜು ಮಾಡಿದ್ದಾನೆ. ಇನ್ನೊಬ್ಬ ವಿದ್ವಾಂಸನ ಲೆಕ್ಕ ಅದಕ್ಕಿಂತ ಉದಾರವಾದದ್ದು. ಅದೂ ಸುಮಾರು ಹತ್ತನ್ನು ದಾಟುವುದಿಲ್ಲ. ಉಳಿದವರದು ವೆನಿಸಿನ ಮಾತು, ಮಿಲಾನಿನ ಮಾತು, ಸಿಸಿಲಿಯ ಮಾತು. ಒಬ್ಬರದು ಇನ್ನೊಬ್ಬರಿಗೆ ತಿಳಿಯದಷ್ಟು ದೂರ. ಕಾದಂಬರಿಕಾರ ಮಾನ್ಜೋನಿ ಮಿಲಾನಿನವನು. 1827ರಲ್ಲಿ ಪ್ರಕಟಿಸಿದ ತನ್ನ ಮೇರುಕೃತಿಯ ಭಾಷೆ ತನಗೇ ಒಪ್ಪಿಗೆಯಾಗದೆ, ಫ್ಲಾರೆನ್ಸಿಗೆ ಹೋಗಿ ಅಲ್ಲಿಯ ಜೀವಂತ ನುಡಿಯನ್ನು ಕಿವಿಗೊಟ್ಟು ಕೇಳಿ, ಇಡೀ ಕಾದಂಬರಿಯನ್ನು ತಿದ್ದಿ ಬರೆದು 1840ರಿಂದ ಮತ್ತೆ ಅಚ್ಚು ಮಾಡಿಸಿದ. ಎಂದರೆ, ಇಟಾಲಿಯನ್ನರೂ ಇಟಾಲಿಯನ್ ಕಲಿತದ್ದು ಬಹುಮಟ್ಟಿಗೆ ಪುಸ್ತಕದಿಂದ, ಶಾಲೆಯಿಂದ. ಆಮೇಲೆ ರೇಡಿಯೋ, ದೂರದರ್ಶನಗಳಿಂದ. 1960ರಿಂದ 1968ರವರೆಗೆ ಅಲ್ಬೆರ್ತೋ ಮಾನ್ಜಿ ಎಂಬ ಶಾಲಾ ಮೇಷ್ಟ್ರು ದೂರದರ್ಶನದಲ್ಲಿ ಹಲಗೆಯ ಮುಂದೆ ನಿಂತು ವಯಸ್ಕರಿಗೆ ಅಕ್ಷರ ಕಲಿಸಿದರು; ಲಕ್ಷಾಂತರ ಜನ ಕಲಿತರು. ನನ್ನ ಅಸೂಯೆಗೆ ಪಾತ್ರರಾದ ಕೆಲವೇ ಮೇಷ್ಟ್ರುಗಳಲ್ಲಿ ಇವರೊಬ್ಬರು.

ಇಷ್ಟನ್ನೂ ಒಂದು ವಾರದ ಬಳಿಕ ಫೋನಿನಲ್ಲಿ ಶಿಷ್ಯನಿಗೆ ಹೇಳಿದೆ. ತಾಳ್ಮೆಯಿಂದ ಕೇಳಿದ. ಕೊನೆಗೆ, "ಆ ಮುದುಕನಿಗೆ ಕಡೆಗಾದರೂ ಸಂಬಳ ಬಂತಾ ಸಾರ್?" ಎಂದ.

"ಬರಲಿಲ್ಲ ಕಣಪ್ಪ" ಎಂದೆ. ಸುಳ್ಳು ಹೇಳಿ ಅವನ ಮಗಳ ಪರ ವಾದಿಸುವುದು ನನ್ನಿಂದಾಗದು. ಕೆಲಸ ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ನಾನು ಹೇಗೆ ಕೊಡಲಿ? ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಗ ನನಗೆ ಹೊಳೆದದ್ದು ನಮ್ಮ ಇಕ್ಕೇರಿ.

1994ರ ತಂಡದವರಿಗೆ ನೆನಪಿರಬೇಕು, ನಿಮ್ಮನ್ನೆಲ್ಲ ಅಘೋರೇಶ್ವರ ದೇವಾಲಯಕ್ಕೆ ಕರೆದೊಯ್ದು ಕೆಳದಿ ಅರಸರ ಪಾಠ ಮಾಡಿದ್ದೆ. ವಿದೇಶೀ ಪ್ರವಾಸಿಗರ ಹೆಸರುಗಳನ್ನು ನೀವು ಬಾಯಿಪಾಠ ಮಾಡಿದ್ದಿರಿ. ವಿಜಯನಗರಕ್ಕೆ ಬಂದ ನಿಕೊಲೋ ಕೊಂಟಿ ಇಟಲಿಯವನೇ, ಆದರೆ ಅವನು ಹೇಳಿದ್ದನ್ನು ಕೇಳಿ ಇನ್ನೊಬ್ಬನು ಬರೆದಿಟ್ಟದ್ದು ಲ್ಯಾಟಿನ್ನಿನಲ್ಲಿ. ಇಕ್ಕೇರಿಗೆ ಬಂದ ಪಿಯೆತ್ರೋ ದೆಲ್ಲಾ ವಾಲ್ಲೆ ಹಾಗಲ್ಲ. ರೋಮಿನ ಈ ಶ್ರೀಮಂತ ತಾನು ಕಂಡದ್ದನ್ನು ನೇಪಲ್ಸಿನ ವೈದ್ಯಮಿತ್ರನಿಗೆ ತನ್ನ ಭಾಷೆಯಲ್ಲೇ ಕಾಗದ ಬರೆದು ತಿಳಿಸಿದ. ದಾರಿಯಲ್ಲಿ ತೀರಿಕೊಂಡ ಹೆಂಡತಿಯ ಶವವನ್ನು ಕೆಡದಂತೆ ಪೆಟ್ಟಿಗೆಯಲ್ಲಿರಿಸಿಕೊಂಡು ವರ್ಷಗಟ್ಟಲೆ ದೇಶ ಸುತ್ತಿ ರೋಮಿಗೆ ಒಯ್ದ ವಿಚಿತ್ರ ಮನುಷ್ಯ ಅವನು. 1623ರ ನವೆಂಬರಿನಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ದಾರಿಯಲ್ಲಿ ಒಂದು ದೇವಸ್ಥಾನದ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುವನು, ಉಳಿದವರು ಅವನಂತೆಯೇ ಹಾಡಿ ಬರೆಯುವರು. ನೆಲ ತುಂಬಿದಾಗ ಅಳಿಸಿ ಹೊಸ ಮರಳು ಚೆಲ್ಲುವರು. ತಪ್ಪಿದರೆ ತಿದ್ದುವವರು ಯಾರೆಂದು ವಿಚಾರಿಸಿದಾಗ, ನಾಲ್ವರೂ ಒಟ್ಟಿಗೆ ತಪ್ಪುವುದು ಸಾಧ್ಯವಿಲ್ಲ, ಆದ್ದರಿಂದ ಗುರುವಿನ ಅಗತ್ಯವಿಲ್ಲವೆಂದು ಹುಡುಗರು ಉತ್ತರ ಕೊಟ್ಟರಂತೆ. ನಮ್ಮ ಮಲೆನಾಡಿನ ಮಕ್ಕಳ ಈ ಪಾಠಶಾಲೆಯ ಚಿತ್ರ ಉಳಿದಿರುವುದು ಇಟಾಲಿಯನ್ ಭಾಷೆಯ ಒಂದು ಕಾಗದದಲ್ಲಿ. ನಾನು ಮೂವತ್ತು ವರ್ಷ ಅದನ್ನು ತರಗತಿಯಲ್ಲಿ ಹೇಳಿದ್ದು ಹದಿನೇಳನೆಯ ಶತಮಾನದ ಒಂದು ಇಂಗ್ಲಿಷ್ ಅನುವಾದವನ್ನು ನಂಬಿ. ಆ ಅನುವಾದಕ ಎಲ್ಲೆಲ್ಲಿ ಎಡವಿದ್ದಾನೋ ನಾನೂ ಅಲ್ಲೆಲ್ಲ ಎಡವಿದ್ದೇನೆ, ನಿಮ್ಮನ್ನೂ ಎಡವಿಸಿದ್ದೇನೆ.

ಇದನ್ನು ಕೇಳಿ ಅವನು ಏನೂ ಹೇಳಲಿಲ್ಲ. "ಮಗಳಿಗೆ ಕೊಡ್ತೀನಿ, ನೀವೇ ಹೇಳಿ ಸಾರ್" ಎಂದು ಫೋನು ಅವಳ ಕೈಗೆ ಕೊಟ್ಟ. ಅವಳು ಮತ್ತೊಮ್ಮೆ ಆ ಹೆಸರನ್ನು ಕೇಳಿ ಬರೆದುಕೊಂಡಳು. ಮೊನ್ನೆ ಅವನೇ ಕರೆ ಮಾಡಿದ್ದ. ಮೊದಲು ಅಡಿಕೆ ಧಾರಣೆ, ಮಳೆ ಇತ್ಯಾದಿ ಮಾತನಾಡಿ, ವೀಸಾಕ್ಕೆ ಬೇಕಾದ ಬ್ಯಾಂಕಿನ ಪತ್ರಗಳನ್ನು ಮಾಡಿಸುತ್ತಿದ್ದೇನೆ ಎಂದು ಕೊನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದ.

ಹುಡುಗಿಗೆ ನಾನು ಒಂದೇ ಕೆಲಸ ಒಪ್ಪಿಸಿದ್ದೇನೆ. ದೆಲ್ಲಾ ವಾಲ್ಲೆಯ ಭಾರತದ ಪತ್ರಗಳು 1663ರಲ್ಲಿ ಅವನ ಭಾಷೆಯಲ್ಲೇ ಅಚ್ಚಾಗಿವೆ. ಅದನ್ನು ಅಲ್ಲಿಯ ಗ್ರಂಥಾಲಯದಲ್ಲಿ ಹುಡುಕಿ, ಆ ಹುಡುಗರು ಹಾಡುತ್ತಿದ್ದ ಲೆಕ್ಕವನ್ನು ಅವನು ಹೇಗೆ ಬರೆದಿದ್ದಾನೆ, ನಮ್ಮ ಮಗ್ಗಿಯ ಧಾಟಿ ಅದರಲ್ಲಿ ಕೇಳಿಸುತ್ತದೆಯೇ ಎಂದು ನೋಡಿ ನನಗೆ ಬರೆಯಬೇಕು. ಬರೆಯುತ್ತೇನೆ ಎಂದಿದ್ದಾಳೆ. ಅವಳ ಕಾಗದ ಬಂದಾಗ ಇಲ್ಲಿ ಹಾಕುತ್ತೇನೆ.